ಮರೆತು ನಿರಾಶರಾಗದಿರಿ

ಅಶೋಕ ಟಾಕೀಸಿನ ಪಕ್ಕದ ರೈಲ್ವೆ ಗೇಟ್ ಬಿತ್ತೆಂದರೆ ದಾವಣಗೆರೆಯವರಿಗೆಲ್ಲ ತಲೆಬಿಸಿ. ನಮ್ಮ ಅಪ್ಪಾಜಿಗೆ ಮಾತ್ರ ಅದು ಕೆಲಸದ ಹೊತ್ತು. ಗೂಡ್ಸ್ ಗಾಡಿ ಬಂದರಂತೂ ಸೈಕಲ್ಲು, ಲೂನಾ, ಕೈಗಾಡಿ, ಮಂಡಕ್ಕಿ ಚೀಲ ಹೇರಿದ ಟಂಟಂ ಎಲ್ಲವೂ ನಿಂತಲ್ಲೇ ನಿಲ್ಲಬೇಕು. ಅಪ್ಪಾಜಿ ತಮ್ಮ ಪ್ರಚಾರದ ಆಟೋವನ್ನು ಆ ಗದ್ದಲದ ನಟ್ಟನಡುವೆ ತಂದು ನಿಲ್ಲಿಸಿ, ಸೀಟಿನ ಹಿಂದಿನ ಆಂಪ್ಲಿಫೈಯರಿನ ಗುಂಡಿಯನ್ನು ಸ್ವಲ್ಪ ಬಲಕ್ಕೆ ತಿರುಗಿಸುತ್ತಿದ್ದರು. ಮೇಲೆ ಕಟ್ಟಿದ ಎರಡು ಹಾರ್ನುಗಳಿಂದ ಯಾವುದೋ ಸಿನಿಮಾ ಹಾಡಿನ ಮೊದಲ ಸಾಲು ಬರುತ್ತಿತ್ತು. ಹಾಡು ತಟ್ಟನೆ ಇಳಿದು ಅವರ ಧ್ವನಿ ಏರುತ್ತಿತ್ತು. 'ದಾವಣಗೆರೆಯ ಸಮಸ್ತ ನಾಗರಿಕ ಬಂಧುಗಳೇ, ಮಾತೆಯರೇ...' ಎಂದು ಶುರುವಾದದ್ದು 'ಮರೆಯದಿರಿ, ಮರೆತು ನಿರಾಶರಾಗದಿರಿ!' ಎಂದು ಮುಗಿಯುವ ಹೊತ್ತಿಗೆ ರೈಲು ಹೋಗಿರುತ್ತಿತ್ತು. ಗೇಟ್ ತೆಗೆದ ಮೇಲೆ ಅಷ್ಟೂ ಜನ ಜಾಹೀರಾತಿನ ಅಂಗಡಿಯ ಹೆಸರನ್ನು ತಲೆಯಲ್ಲಿ ಹೊತ್ತುಕೊಂಡು ಆಚೆ ದಾಟುತ್ತಿದ್ದರು.

ರೆಕಾರ್ಡಿಂಗ್ ನಡೆಯುತ್ತಿದ್ದದ್ದು ಮನೆಯಲ್ಲೇ, ರಾತ್ರಿ ಊಟವಾದ ಮೇಲೆ. ಕಿಟಕಿಗೆ ಕಂಬಳಿ ಇಳಿಬಿಡುತ್ತಿದ್ದರು. ಫ್ಯಾನ್ ಆರಿಸಬೇಕು. ಅವ್ವ ಪಾತ್ರೆ ತೊಳೆಯುವುದನ್ನು ಅರ್ಧಕ್ಕೆ ನಿಲ್ಲಿಸಬೇಕು. ಒಂದು ಟೇಪ್ ರೆಕಾರ್ಡರಿನಲ್ಲಿ ಹಾಡಿನ ಕ್ಯಾಸೆಟ್, ಇನ್ನೊಂದರಲ್ಲಿ ತುಂಬಿಸಬೇಕಾದ ಕ್ಯಾಸೆಟ್. ಮೈಕಿಗೆ ಕರವಸ್ತ್ರ ಸುತ್ತಿ, ಎಡಗೈ ಬೆರಳನ್ನು ಪಾಜ್ ಬಟನ್ನಿನ ಮೇಲೆ ಇಟ್ಟುಕೊಂಡು, ಬಲಗೈಯಲ್ಲಿ ವಾಲ್ಯೂಮ್ ಹಿಡಿದು ಕೂರುತ್ತಿದ್ದರು. ಹೊಸ ಖಾಲಿ ಕ್ಯಾಸೆಟ್ಟಿಗೆ ದುಡ್ಡಿಲ್ಲದಿದ್ದರೆ ಮನೆಯಲ್ಲಿದ್ದ ಹಳೆಯದೊಂದನ್ನು ಎತ್ತಿಕೊಂಡು, ಅದರ ತಲೆಯ ಮೇಲಿನ ಮುರಿದ ಕಿಂಡಿಗೆ ಗಮ್ ಟೇಪ್ ಅಂಟಿಸುತ್ತಿದ್ದರು. ಹಾಗೆ ಅಂಟಿಸಿದರೆ ಅದರ ಮೇಲೆ ಮತ್ತೆ ತುಂಬಿಸಬಹುದು. ಹಾಡನ್ನು ಎಲ್ಲಿ ಇಳಿಸಬೇಕು ಎಂಬುದೇ ಈ ವಿದ್ಯೆಯ ಜೀವ ಎಂದು ಅವರು ಯಾವಾಗಲೂ ಹೇಳುತ್ತಿದ್ದರು. "ಪಲ್ಲವಿ ಮುಗಿಯಾಕೆ ಬಿಡಬಾರ್ದವ್ವಾ. ಮುಗೀತು ಅಂದ್ರೆ ಜನ ಹಾಡು ಕೇಳಿ ಸಮಾಧಾನ ಆಗಿ ಹೋಗಿಬಿಡ್ತಾರೆ. ಇನ್ನೊಂದು ಸ್ವಲ್ಪ ಬೇಕಿತ್ತು ಅನ್ನೋ ಜಾಗದಾಗ ಕಟ್ ಮಾಡಿದ್ರೆ ನಾವು ಹೇಳೋದನ್ನ ಕೇಳ್ತಾರೆ."

ಏಳನೇ ವಯಸ್ಸಿನಲ್ಲಿ ನಾನೂ ಆ ಮೈಕಿನ ಮುಂದೆ ಕೂತೆ. ಯುಗಾದಿ ಹತ್ತಿರವಿತ್ತು, ಬಟ್ಟೆ ಅಂಗಡಿಯೊಂದರ ಜಾಹೀರಾತು. ಅವ್ವನ ಧ್ವನಿಯಲ್ಲಿ "ಏನ್ ಅಕ್ಕಾ, ಇಷ್ಟೊಂದು ಸಂಭ್ರಮ? ಎಲ್ಲಿಗೆ ಹೊರಟ್ರಿ?" ಎಂಬ ಸಾಲು, ಅದಕ್ಕೆ ಎದುರುಮನೆ ಚಿಕ್ಕಮ್ಮನ ಉತ್ತರ. ಕೊನೆಗೆ ನಾನು "ಅಪ್ಪಾ, ಹಬ್ಬಕ್ಕೆ ನನಗೂ ಹೊಸ ಲಂಗ ಕೊಡಿಸ್ತೀಯಾ?" ಎನ್ನಬೇಕು, ಅಪ್ಪಾಜಿ ನಕ್ಕು "ಕೊಡಿಸದೆ ಇರ್ತೀನಾ ಪುಟ್ಟಾ" ಎಂದು ಅಂಗಡಿಯ ಹೆಸರು ಹೇಳಬೇಕು. ಆ ಯುಗಾದಿಗೆ ನನಗೆ ಹೊಸ ಲಂಗ ಬರಲಿಲ್ಲ. ಅಂಗಡಿಯವರು ದುಡ್ಡು ಕೊಟ್ಟಿದ್ದು ಹಬ್ಬ ಕಳೆದು ಮೂರು ತಿಂಗಳಿಗೆ, ಅದೂ ಒಪ್ಪಿದ್ದರಲ್ಲಿ ಅರ್ಧ. ಆದರೆ ಆ ಹದಿನೈದು ದಿನ ಹೊಂಡದ ಸರ್ಕಲ್ಲಿನಿಂದ ಮಂಡಿಪೇಟೆಯವರೆಗೆ ನನ್ನ ಧ್ವನಿ ಊರೆಲ್ಲ ತಿರುಗಿ ಹೊಸ ಲಂಗ ಕೇಳಿತು. ಶಾಲೆಯಿಂದ ಬರುವಾಗ ನನ್ನ ಮಾತು ನನಗೇ ಎದುರು ಬಂದು ಮೇಲಿನಿಂದ ಕೇಳಿಸಿದರೆ ಹೆಮ್ಮೆ ಆಗುತ್ತಿತ್ತು. ಅದರ ಹಿಂದೆಯೇ ಹೊಟ್ಟೆಯಲ್ಲಿ ಏನೋ ಕಲಕಿದ ಹಾಗೂ ಆಗುತ್ತಿತ್ತು. ಆ ಎರಡನೆಯದಕ್ಕೆ ಏನು ಹೆಸರು ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ತಿಳಿಸಿದ್ದು ಸಮುದ್ರದಾಚೆಯ ಒಂದು ರಾಕ್ ಆಲ್ಬಂ.

ಅದರ ಹೆಸರು 'ದ ಹೂ ಸೆಲ್ ಔಟ್'. ಲಂಡನ್ನಿನ 'ದ ಹೂ' ಎಂಬ ತಂಡ 1967ರ ಡಿಸೆಂಬರಿನಲ್ಲಿ ಹೊರತಂದ ಮೂರನೇ ಆಲ್ಬಂ. ನನ್ನ ಕೈಗೆ ಸಿಕ್ಕಿದ್ದು ಅದಾಗಿ ನಲವತ್ತು ವರ್ಷದ ಮೇಲೆ, ಇದೇ ಊರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ. ಶಿಲ್ಲಾಂಗಿನಿಂದ ಬಂದಿದ್ದ ಸಹಪಾಠಿಯೊಬ್ಬಳ ಹಾರ್ಡ್ ಡಿಸ್ಕಿನಲ್ಲಿ ನಮ್ಮ ಕಡೆ ಯಾರೂ ಕೇಳದ ಸಂಗೀತ ಗಿಡಿದು ತುಂಬಿತ್ತು. ಪರೀಕ್ಷೆ ಮುಗಿದ ರಜೆಯಲ್ಲಿ ಒಂದೊಂದೇ ಕೇಳುತ್ತಾ ಇದಕ್ಕೆ ಬಂದೆ. ಯಂತ್ರದ ಗಂಟಲಿನಿಂದ ಬಂದಂತೆ ವಾರದ ಏಳೂ ದಿನಗಳ ಹೆಸರು ಕೇಳಿಸಿತು. ಆಮೇಲೆ ಹಾಡು. ಹಾಡು ಮುಗಿಯಿತು ಎನ್ನುವಷ್ಟರಲ್ಲಿ ಗುಂಪು ದನಿಯಲ್ಲಿ ರೇಡಿಯೋ ನಿಲಯದ ಜಿಂಗಲ್, ಅಂದರೆ ನಿಲಯದ ಹೆಸರು ಸಾರುವ ತುಣುಕು ಹಾಡು. ಅದರ ಬೆನ್ನಿಗೆ ಡಬ್ಬಿ ಬೀನ್ಸಿನ ಜಾಹೀರಾತು, ಮತ್ತೆ ಹಾಡು, ಆಮೇಲೆ ಡ್ರಮ್ಮಿನ ಕಂಪನಿಯೊಂದರ ಹೆಸರು. ಯಾರೋ ರೇಡಿಯೋದಿಂದ ರೆಕಾರ್ಡ್ ಮಾಡಿಕೊಂಡ ಫೈಲ್ ಇರಬೇಕು, ಹಾಡಿನ ಜೊತೆ ಜಾಹೀರಾತೂ ಸೇರಿಬಿಟ್ಟಿದೆ ಎಂದುಕೊಂಡು ಅವಳಿಗೆ ಹೇಳಿದೆ. ಅವಳು "ಅದೇ ಆಲ್ಬಂ, ಪೂರ್ತಿ ಕೇಳು" ಎಂದಳು.

ಪೂರ್ತಿ ಕೇಳಿದೆ. ಹೆಡ್‌ಫೋನ್ ಹಾಕಿಕೊಂಡು, ಕತ್ತಲೆಯಲ್ಲಿ, ಎರಡು ಸಲ.

ರಾಕ್ ಸಂಗೀತದಲ್ಲಿ ಕಾನ್ಸೆಪ್ಟ್ ಆಲ್ಬಂ ಎಂದರೆ ಬಿಡಿ ಹಾಡುಗಳ ಸಂಕಲನ ಅಲ್ಲ, ಹರಿಕಥೆಯ ಹಾಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಎಳೆ ಹಿಡಿದು ಸಾಗುವಂಥದ್ದು. ಇಲ್ಲಿ ಆ ಎಳೆ ಯಾವುದೋ ವೀರನ ಕಥೆಯಲ್ಲ, ಒಂದು ರೇಡಿಯೋ ನಿಲಯದ ಒಂದು ಹೊತ್ತಿನ ಪ್ರಸಾರ. ನೀವು ರೇಡಿಯೋ ಹಚ್ಚಿದ್ದೀರಿ, ಹಾಡು ಬರುತ್ತಿದೆ, ಜಾಹೀರಾತು ಬರುತ್ತಿದೆ, ಅಷ್ಟೇ. ಆ ಜಾಹೀರಾತುಗಳಲ್ಲಿ ಹಲವನ್ನು ತಂಡದವರೇ ಬರೆದು ಹಾಡಿದ್ದಾರೆ. ಸರಕುಗಳು ಮಾತ್ರ ನಿಜವಾದವು. ಹೈಂಜ್ ಬೀನ್ಸ್, ಓಡರೋನೋ ಎಂಬ ಬೆವರು ನಾತ ತಡೆಯುವ ಡಿಯೋಡರೆಂಟ್, ಮೆಡಾಕ್ ಎಂಬ ಮೊಡವೆ ಕ್ರೀಮು, ಮೈ ಕಟ್ಟಿಸುವ ಚಾರ್ಲ್ಸ್ ಅಟ್ಲಾಸ್ ಕೋರ್ಸು, ರೋಟೋಸೌಂಡ್ ಗಿಟಾರ್ ತಂತಿ, ಪ್ರೀಮಿಯರ್ ಡ್ರಮ್ಸ್. ಹೆಸರಿನಲ್ಲೇ ಎರಡು ಅರ್ಥ ಅಡಗಿವೆ. 'ಸೆಲ್ ಔಟ್' ಎಂದರೆ ಟಿಕೆಟ್ ಎಲ್ಲ ಮಾರಾಟವಾಗಿ ಹೌಸ್‌ಫುಲ್ ಬೋರ್ಡು ಬೀಳುವುದು. ದುಡ್ಡಿಗಾಗಿ ತನ್ನತನ ಮಾರಿಕೊಳ್ಳುವುದಕ್ಕೂ ಅದೇ ಮಾತು.

ಹೊದಿಕೆಯ ಚಿತ್ರ ನೋಡಿದವರು ಮರೆಯುವುದಿಲ್ಲ. ಡೇವಿಡ್ ಮಾಂಟ್ಗೊಮರಿ ತೆಗೆದ ನಾಲ್ಕು ಫೋಟೋ, ತಂಡದ ನಾಲ್ವರಿಗೂ ಒಂದೊಂದು ಜಾಹೀರಾತು. ಗಿಟಾರಿನ ಪೀಟ್ ಟೌನ್ಶೆಂಡ್ ತನ್ನ ಕಂಕುಳಿಗೆ ಒನಕೆಯಷ್ಟು ದಪ್ಪದ ಡಿಯೋಡರೆಂಟ್ ಹಿಡಿದಿದ್ದಾನೆ. ಗಾಯಕ ರೋಜರ್ ಡಾಲ್ಟ್ರಿ ಸ್ನಾನದ ತೊಟ್ಟಿಯಲ್ಲಿ ಬೀನ್ಸಿನ ಸಾರಿನೊಳಗೆ ಕೂತಿದ್ದಾನೆ. ಡ್ರಮ್ಸಿನ ಕೀತ್ ಮೂನ್ ಮೊಡವೆಗೆ ಕ್ರೀಮು ಹಚ್ಚುತ್ತಿದ್ದಾನೆ. ಬೇಸ್ ನುಡಿಸುವ ಜಾನ್ ಎಂಟ್ವಿಸಲ್ ಚಿರತೆ ಚರ್ಮದ ವೇಷದಲ್ಲಿ, ಪಕ್ಕದಲ್ಲೊಬ್ಬ ಸುಂದರಿ, ಜೊತೆಗೊಂದು ಟೆಡ್ಡಿ ಬೇರ್. ಆ ಬೀನ್ಸ್ ತಣ್ಣಗೆ ಕೊರೆಯುತ್ತಿತ್ತು, ಅದರಿಂದ ನ್ಯುಮೋನಿಯಾ ಆಯಿತು ಎಂದು ಡಾಲ್ಟ್ರಿ ಆಮೇಲೆ ಹೇಳಿಕೊಂಡಿದ್ದಾನೆ.

ಈ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು: ಅಣಕ ಮಾಡಲು ಹೊರಟವರು ಬೇರೆ ಯಾರನ್ನೂ ಎಳೆದು ತಂದು ನಿಲ್ಲಿಸಿಲ್ಲ. ಕಂಕುಳು ಅವರದೇ, ಮೊಡವೆಯೂ ಅವರದೇ. ಲೋಕದ ಡೊಂಕು ತಿದ್ದುವ ಮೊದಲು ತನ್ನ ತನುವನ್ನು ನೋಡಿಕೊಳ್ಳಬೇಕೆಂಬ ಮಾತು ಶರಣರ ನಾಡಿನಲ್ಲಿ ಬೆಳೆದವರಿಗೆ ಹೊಸದಲ್ಲ. ಅದೇ ವರ್ಷ ಈ ತಂಡ ಕೋಕಾ ಕೋಲಾಕ್ಕೆ ನಿಜವಾದ ಜಾಹೀರಾತನ್ನೂ ಹಾಡಿತ್ತು. ಅವರು ಮಾರುವ ಕೆಲಸವನ್ನು ಹೊರಗಿನಿಂದ ಕಂಡವರಲ್ಲ, ಸ್ವತಃ ಮಾಡಿದವರು. ಅದಕ್ಕೇ ಪೆಟ್ಟು ಬೀಳಬೇಕಾದ ಜಾಗಕ್ಕೇ ಬೀಳುತ್ತದೆ.

'ಓಡರೋನೋ' ಹಾಡಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಟೌನ್ಶೆಂಡನೇ ಬರೆದು ತಾನೇ ಹಾಡಿದ್ದು. ಒಬ್ಬ ಗಾಯಕಿ ವೇದಿಕೆಯಲ್ಲಿ ಹಾಡುತ್ತಾಳೆ. ಜನ ಚಪ್ಪಾಳೆ ತಟ್ಟುತ್ತಾರೆ. ಹಾಡು ಮುಗಿದ ಮೇಲೆ ಒಬ್ಬ ದೊಡ್ಡ ಮನುಷ್ಯ ಅವಳನ್ನು ನೋಡಲು ಒಳಗೆ ಬರುತ್ತಾನೆ. ಅವನ ಕಣ್ಣಿನಲ್ಲಿ ಅವಳ ಮುಂದಿನ ಬದುಕೇ ಹೊಳೆದಂತಾಗುತ್ತದೆ. ಅವಳು ಹತ್ತಿರ ಹೋಗುತ್ತಾಳೆ, ಅವನು ಮುತ್ತಿಡಲು ಬಾಗುತ್ತಾನೆ, ಅಷ್ಟರಲ್ಲಿ ಅವನ ಮುಖ ಬದಲಾಗುತ್ತದೆ. ಎಲ್ಲ ಮುಗಿಯಿತು. ಈ ಹೊತ್ತಿಗೆ ಕೇಳುವ ನನ್ನ ಗಂಟಲು ಕಟ್ಟಿರುತ್ತದೆ. ಯಾಕೆ ಹೀಗಾಯಿತು, ಅವಳ ತಪ್ಪೇನು ಎಂದು ಕೇಳುವಾಗ ಹಾಡು ಕೊಡುವ ಉತ್ತರ ಒಂದೇ: ಅವಳು ಸರಿಯಾದ ಡಿಯೋಡರೆಂಟ್ ಹಚ್ಚಿಕೊಂಡಿರಲಿಲ್ಲ. ಕೊನೆಯ ಪದವೇ ಆ ಸರಕಿನ ಹೆಸರು.

ಮೊದಲ ಸಲ ಕೇಳಿದಾಗ ನಗು ಬಂತು, ನಿಜ. ಎರಡನೇ ಸಲ ಕೇಳುವಾಗ ನನಗೆ ಏಳು ವರ್ಷದ ನನ್ನದೇ ಧ್ವನಿ ನೆನಪಾಯಿತು. ಜಾಹೀರಾತು ಹಿಡಿಯುವುದು ನಮ್ಮ ಅತ್ಯಂತ ನಿಜವಾದ ಆಸೆಯನ್ನೇ. ಆ ಗಾಯಕಿಯ ಆಸೆ ಸುಳ್ಳಲ್ಲ, ನನಗೆ ಹೊಸ ಲಂಗ ಬೇಕಿದ್ದೂ ಸುಳ್ಳಲ್ಲ. ಮೈಕಿನ ಮುಂದೆ ನಾನು ನಟಿಸಿರಲೇ ಇಲ್ಲ, ಮನಸ್ಸಿನಲ್ಲಿದ್ದದ್ದನ್ನೇ ಕೇಳಿದ್ದೆ. ಅದಕ್ಕೇ ಅದು ಅಷ್ಟು ಚೆನ್ನಾಗಿ ಬಂದಿತ್ತು ಎಂದು ಅಪ್ಪಾಜಿ ಎಲ್ಲರಿಗೂ ಹೇಳುತ್ತಿದ್ದರು. ಹೊಟ್ಟೆಯಲ್ಲಿ ಕಲಕುತ್ತಿದ್ದದ್ದು ಇದೇ. ನನ್ನ ನಿಜವನ್ನೇ ನನ್ನಿಂದ ಹೇಳಿಸಿ ಅದರ ತುದಿಗೆ ಇನ್ನೊಬ್ಬರ ಅಂಗಡಿಯ ಹೆಸರು ಕಟ್ಟಲಾಗಿತ್ತು. 'ಓಡರೋನೋ' ಹಾಡೂ ಅದನ್ನೇ ಮಾಡುತ್ತದೆ. ಆದರೆ ಆ ಹೆಸರು ಕಟ್ಟಿದ ಗಂಟು ನಮಗೆ ಕಾಣುವ ಹಾಗೆ ಮಾಡುತ್ತದೆ.

ಬೀನ್ಸಿನ ಹಾಡು ಪುಟ್ಟದು. ಎಂಟ್ವಿಸಲ್‌ನದು. ತುತ್ತೂರಿಯ ಮೆರವಣಿಗೆ ಬಂದಂತೆ ಬ್ಯಾಂಡು, ನಡುನಡುವೆ ಮನೆಯವರೆಲ್ಲ ಸಂಜೆಯ ಊಟಕ್ಕೆ ಏನು ಎಂದು ಕೇಳುತ್ತಾರೆ, ಉತ್ತರವಾಗಿ ಡಬ್ಬಿಯ ಹೆಸರು. ನಮ್ಮ 'ಏನ್ ಅಕ್ಕಾ, ಇಷ್ಟೊಂದು ಸಂಭ್ರಮ' ಇದರ ಒಡಹುಟ್ಟು. ಯಾವ ದೇಶದ ಜಾಹೀರಾತಾದರೂ ಮನೆಯವರ ನಡುವಿನ ಒಂದು ಪ್ರಶ್ನೆಯಿಂದಲೇ ಶುರುವಾಗುತ್ತದೆ ಅನಿಸುತ್ತದೆ.

ಇವೆಲ್ಲದರ ನಡುವೆ 'ಟ್ಯಾಟೂ' ಎಂಬ ಹಾಡು ಇದೆ. ಅದರಲ್ಲಿ ಯಾವ ಸರಕೂ ಇಲ್ಲ. ಇಡೀ ಆಲ್ಬಂನಲ್ಲಿ ನನಗೆ ತೀರ ಹತ್ತಿರದ್ದು ಇದೇ. ಅಣ್ಣತಮ್ಮ ಇಬ್ಬರು, ಗಂಡಸು ಎಂದರೆ ಏನು ಎಂದು ತಲೆ ಕೆಡಿಸಿಕೊಂಡು, ಹಚ್ಚೆ ಹಾಕಿಸಿಕೊಂಡರೆ ಗಂಡಸರಾಗುತ್ತೇವೆ ಎಂದು ಹಾಕಿಸಿಕೊಂಡು ಬರುತ್ತಾರೆ. ಒಬ್ಬನ ತೋಳಿನಲ್ಲಿ 'ಅಮ್ಮ', ಇನ್ನೊಬ್ಬನ ತೋಳಿನಲ್ಲಿ ಬಟ್ಟೆ ತೊಡದ ಹೆಂಗಸು. ಅಮ್ಮನ ಹೆಸರು ಹಾಕಿಸಿಕೊಂಡವನಿಗೆ ಅಪ್ಪನಿಂದ ಪೆಟ್ಟು, ಹೆಂಗಸಿನ ಚಿತ್ರದವನಿಗೆ ಅಮ್ಮನಿಂದ. ಗಿಟಾರು ಇಲ್ಲಿ ಹನಿಹನಿಯಾಗಿ ಉದುರುತ್ತದೆ, ದನಿಗಳು ಒಂದರ ಮೇಲೊಂದು ಮೆತ್ತಗೆ ಕೂರುತ್ತವೆ. ದುಗ್ಗಮ್ಮನ ಜಾತ್ರೆಯಲ್ಲಿ ಹಚ್ಚೆಯವನ ಮುಂದೆ ಹಲ್ಲು ಕಚ್ಚಿ ಕೂತಿರುತ್ತಿದ್ದ ಹುಡುಗರ ಮುಖ ನನಗೆ ಈ ಹಾಡಿನಲ್ಲಿ ಕಾಣುತ್ತದೆ. ಹಾಡು ಮುಗಿದ ಕೂಡಲೇ ನಿಲಯದ ಜಿಂಗಲ್ ಬಂದು ನಿಮಗಿಷ್ಟವಾದ ಚರ್ಚಿಗೆ ಹೋಗಿ ಎಂದು ನೆನಪಿಸುತ್ತದೆ. ಎರಡನ್ನೂ ಪಕ್ಕದಲ್ಲಿ ಇಟ್ಟಿದ್ದಾರೆ, ಅಷ್ಟೇ. ಬಾಯಿಬಿಟ್ಟು ಏನೂ ಹೇಳುವುದಿಲ್ಲ.

'ಸೈಲಸ್ ಸ್ಟಿಂಜಿ' ಒಬ್ಬ ಜಿಪುಣನ ಕಥೆ. ದುಡ್ಡು ಕಾಯಲು ತಿಜೋರಿ ಕೊಂಡು, ನಾಯಿ ಕೊಂಡು, ಕಾಯುವುದಕ್ಕೇ ದುಡ್ಡೆಲ್ಲ ಖರ್ಚಾಗಿ ಹೋಗುತ್ತದೆ. ಚಿಕ್ಕ ಮಕ್ಕಳಿಗೂ ಇಷ್ಟವಾಗುವಂಥದ್ದು. 'ಐ ಕ್ಯಾನ್ ಸೀ ಫಾರ್ ಮೈಲ್ಸ್' ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ, ಜಗತ್ತಿಗೇ ಗೊತ್ತು. ಅಮೆರಿಕದ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ, ಬ್ರಿಟನ್ನಿನಲ್ಲಿ 10ನೇ ಸ್ಥಾನಕ್ಕೆ ಏರಿತ್ತು. ಬಿಡಿಯಾಗಿ ಕೇಳಿದರೆ ಅದು ಒಂದು ಅಬ್ಬರದ ಹಾಡು. ಆಲ್ಬಂನಲ್ಲಿ ಗಿಟಾರ್ ತಂತಿಯ ಜಾಹೀರಾತುಗಳೆಲ್ಲ ಬಂದುಹೋದ ಮೇಲೆ, ತಟ್ಟೆಯ ಮೊದಲ ಮಗ್ಗುಲಿನ ಕೊನೆಗೆ ಕೇಳಿದರೆ, ಅಷ್ಟು ಹೊತ್ತು ಮಾರುವವರ ಮಾತು ಕೇಳಿ ದಣಿದ ಕಿವಿಗೆ ಬಾಗಿಲು ತೆರೆದಂತೆ ಬರುತ್ತದೆ. ಜಾಗ ಗೊತ್ತಿದ್ದವರು ಇಟ್ಟ ಹಾಡು ಅದು.

ಮೂರು ವರ್ಷದ ಹಿಂದೆ ಒಂದು ಭಾನುವಾರ ಸಂಜೆ ಇದನ್ನು ಅಪ್ಪಾಜಿಗೆ ಕೇಳಿಸಿದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ರಾಕ್ ಸಂಗೀತ ಎಂದರೆ ಗೊತ್ತಿಲ್ಲ. ನಾನೂ ಏನೂ ವಿವರಿಸಲಿಲ್ಲ. ಚಿಕ್ಕ ಸ್ಪೀಕರನ್ನು ಟೀಪಾಯಿಯ ಮೇಲಿಟ್ಟು ಹಚ್ಚಿದೆ. ಮಂಡಕ್ಕಿ ತಟ್ಟೆಯಿಂದ ಮೆಣಸಿನಕಾಯಿ ಎತ್ತಿಕೊಂಡವರು ಅದನ್ನು ಕಚ್ಚದೆ ಕೈಯಲ್ಲೇ ಹಿಡಿದು ಕೂತರು. ಮೊದಲ ಹಾಡು ಮುಗಿದು ಜಿಂಗಲ್ ಬಂದಾಗ ತಲೆ ಎತ್ತಿದರು. ಬೀನ್ಸಿನ ಬ್ಯಾಂಡು ಶುರುವಾದಾಗ, "ಇದು ಪ್ರಚಾರ ಅಲ್ಲೇನವ್ವಾ?" ಎಂದರು. ಹೌದೆಂದೆ. ಆಮೇಲೆ ಅವರ ಕಿವಿಯೇ ಬೇರೆಯಾಯಿತು. ಹಾಡು ಎಲ್ಲಿ ತುಂಡಾಯಿತೋ ಅಲ್ಲಿ ಬೆರಳು ಮೇಲೇಳುತ್ತಿತ್ತು. "ಇಲ್ಲಿ ಕಟ್ ಮಾಡ್ಯಾನೆ ನೋಡು. ಉಸಿರು ಬಿಡಾಕೂ ಜಾಗ ಇಟ್ಟಿಲ್ಲ." ಇನ್ನೊಂದು ಕಡೆ, "ಇಲ್ಲಿ ಸ್ವಲ್ಪ ತಡ ಆತು" ಎಂದರು. 'ಓಡರೋನೋ' ಹಾಡನ್ನು ಕಣ್ಣು ಮುಚ್ಚಿ ಕೇಳಿದರು, ಕೊನೆಯ ಪದ ಬಂದಾಗ ಕಣ್ಣು ತೆರೆದು "ಇದೂನಾ?" ಎಂದರು. ಅವರಿಗೆ ಪದದ ಅರ್ಥ ಗೊತ್ತಿರಲಿಲ್ಲ. ಅದನ್ನು ಹೇಳಿದ ರೀತಿಯಿಂದಲೇ ಅಂಗಡಿಯ ಹೆಸರು ಎಂದು ಹಿಡಿದಿದ್ದರು.

ಪೂರ್ತಿ ಮುಗಿದ ಮೇಲೆ ಕೇಳಿದರು, "ಎಷ್ಟು ಕೊಟ್ಟಿದ್ರಂತೆ ಇವ್ರಿಗೆ?"

"ಆ ಬೀನ್ಸ್ ಕಂಪನಿಯವ್ರು ಬರೆಸಿದ್ದಲ್ಲ ಅಪ್ಪಾಜಿ. ಇವರೇ ತಾವಾಗಿ ಮಾಡಿದ್ದು."

"ಹಂಗಾರೆ ಯಾಕ್ ಮಾಡಿದ್ರು?"

ದೊಡ್ಡ ಕಂಪನಿಗಳನ್ನು ಗೇಲಿ ಮಾಡಲು ಎಂದು ಥಟ್ಟನೆ ಹೇಳಿಬಿಡಬಹುದಿತ್ತು. ಆದರೆ ಎದುರಿಗೆ ಕೂತವರು ಮೂವತ್ತು ವರ್ಷ ಆ ಕೆಲಸವನ್ನೇ ಮಾಡಿ ನಮ್ಮನ್ನು ಓದಿಸಿದವರು. ಅವರ ಪ್ರಶ್ನೆಗೆ ಅಷ್ಟು ಹಗುರವಾದ ಉತ್ತರ ಸಲ್ಲದು ಅನಿಸಿತು. ಆಮೇಲೆ ಆ ಕಾಲದ ರೇಡಿಯೋ ಬಗ್ಗೆ ಹುಡುಕಿ ಓದಿದಾಗ ಉತ್ತರ ತಾನಾಗಿ ತೆರೆಯಿತು.

ಆಗ ಬ್ರಿಟನ್ನಿನಲ್ಲಿ ಅಧಿಕೃತ ರೇಡಿಯೋ ಎಂದರೆ ಬಿಬಿಸಿ ಒಂದೇ. ಅದು ದಿನಕ್ಕೆ ಇಂತಿಷ್ಟು ಗಂಟೆ ಮಾತ್ರ ಗ್ರಾಮಫೋನ್ ತಟ್ಟೆ ಹಾಕಬಹುದು ಎಂಬ ಒಪ್ಪಂದವಿತ್ತು. ಹುಡುಗರು ಬಯಸುವ ಹಾಡು ಅದರಲ್ಲಿ ಸಿಗುತ್ತಿರಲಿಲ್ಲ. ಆಗ ಕೆಲವರು ಹಡಗು ಕೊಂಡು, ಕರಾವಳಿಯಿಂದ ಕಾನೂನಿನ ಮೇರೆ ದಾಟಿ ಸಮುದ್ರದಲ್ಲಿ ಲಂಗರು ಹಾಕಿ, ಅಲ್ಲಿಂದಲೇ ದಿನವಿಡೀ ಹಾಡು ಬಿತ್ತರಿಸಲು ಶುರುಮಾಡಿದರು. 1964ರಲ್ಲಿ ರೇಡಿಯೋ ಕ್ಯಾರೊಲೈನ್, ಅದೇ ವರ್ಷದ ಕೊನೆಗೆ ರೇಡಿಯೋ ಲಂಡನ್. ರೇಡಿಯೋ ಲಂಡನ್‌ನ ಗ್ಯಾಲಕ್ಸಿ ಎಂಬ ಹಡಗು ಹಿಂದೆ ಅಮೆರಿಕದ ನೌಕಾಪಡೆಯದಾಗಿತ್ತು. ಅದರ ಜಿಂಗಲ್‌ಗಳು ಟೆಕ್ಸಾಸಿನ ಡಲ್ಲಾಸಿನಲ್ಲಿ ತಯಾರಾಗಿ ಬರುತ್ತಿದ್ದವು. ಈ ಹಡಗುಗಳಿಗೆ ಸರ್ಕಾರದ ದುಡ್ಡಿಲ್ಲ, ಕೇಳುಗರ ಚಂದಾ ಇಲ್ಲ. ಎಣ್ಣೆ, ಅನ್ನ, ಸಂಬಳ ಎಲ್ಲವೂ ಜಾಹೀರಾತಿನಿಂದಲೇ. ಅದು ಸರ್ಕಾರಕ್ಕೂ ಗೊತ್ತಿತ್ತು. 1967ರಲ್ಲಿ ತಂದ ಕಾನೂನು ಆ ಹಡಗುಗಳಿಗೆ ಸಾಮಾನು ಒದಗಿಸುವುದನ್ನೂ ಜಾಹೀರಾತು ಕೊಡುವುದನ್ನೂ ಅಪರಾಧ ಮಾಡಿತು. ಹಡಗನ್ನು ಮುಳುಗಿಸಲು ಗುಂಡು ಹಾರಿಸಬೇಕಾಗಿಲ್ಲ, ಜಾಹೀರಾತು ನಿಲ್ಲಿಸಿದರೆ ಸಾಕು. ಆಗಸ್ಟ್ 14ರ ಮಧ್ಯಾಹ್ನ 3 ಗಂಟೆಗೆ ರೇಡಿಯೋ ಲಂಡನ್ ಸದ್ದು ನಿಲ್ಲಿಸಿತು. ಸೆಪ್ಟೆಂಬರ್ 30ಕ್ಕೆ ಬಿಬಿಸಿ ತಾನೇ ರೇಡಿಯೋ 1 ಎಂಬ ಪಾಪ್ ಸಂಗೀತದ ವಾಹಿನಿ ತೆರೆಯಿತು, ಜಾಹೀರಾತಿಲ್ಲದೆ.

ಇದನ್ನು ಓದುವಾಗ ನಮ್ಮದೇ ಕಥೆ ಎದ್ದು ಬಂತು. 1952ರ ಹೊತ್ತಿಗೆ, ಬಿ. ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದಾಗ, ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮರೆಯಾದವು. ಜನ ರೇಡಿಯೋದ ಮುಳ್ಳನ್ನು ರೇಡಿಯೋ ಸಿಲೋನಿನ ಕಡೆ ತಿರುಗಿಸಿದರು. ಅಲ್ಲಿ ನಿರೂಪಕ ಅಮೀನ್ ಸಯಾನಿ ಹಾಡುಗಳ ಸಾಲು ಹಿಡಿದು ಕಾಯುತ್ತಿದ್ದರು. ಆ ಕಾರ್ಯಕ್ರಮದ ಹೆಸರಿನ ಮೊದಲ ಪದವೇ ಬಿನಾಕಾ, ಒಂದು ಟೂತ್‌ಪೇಸ್ಟ್. ಜನ ಕೈಬಿಟ್ಟು ಹೋಗುವುದನ್ನು ಕಂಡು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಅದರಲ್ಲಿ ಜಾಹೀರಾತು ಶುರುವಾದದ್ದು 1967ರ ನವೆಂಬರ್ 1ರಂದು. ಒಂದೇ ವರ್ಷದ ಆಗಸ್ಟಿನಲ್ಲಿ ಅಲ್ಲಿ ಜಾಹೀರಾತಿನ ಹಡಗು ನಿಂತಿತು, ನವೆಂಬರಿನಲ್ಲಿ ಇಲ್ಲಿ ಜಾಹೀರಾತು ರೇಡಿಯೋದೊಳಗೆ ಬಂತು, ಡಿಸೆಂಬರಿನಲ್ಲಿ ಈ ಆಲ್ಬಂ ಬಂತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ನನಗೆ ಗೊತ್ತು. ಆದರೂ ಎರಡೂ ಕಡೆ ನಡೆದದ್ದು ಒಂದೇ. ದೊಡ್ಡವರು ಹಾಡು ಕೊಡದೆ ಹೋದಾಗ ಹಾಡು ತಂದುಕೊಟ್ಟದ್ದು ಟೂತ್‌ಪೇಸ್ಟು, ಮೊಡವೆ ಕ್ರೀಮು. ನಮ್ಮೂರ ಗಿರಣಿ ಕಾರ್ಮಿಕರ ಮನೆಗಳಲ್ಲಿ ಎಷ್ಟೋ ಹಾಡುಗಳು ಮೊದಲು ಕೇಳಿಸಿದ್ದು ಇಂಥ ಆಟೋದ ಹಾರ್ನಿನಿಂದಲೇ, ಬಟ್ಟೆ ಅಂಗಡಿಯ ಹೆಸರಿನ ಜೊತೆ. ರೇಡಿಯೋ ಇಲ್ಲದ ಮನೆಗಳು ಅವು.

ರೇಡಿಯೋ ಲಂಡನ್ ಹಡಗಿನ ಸದ್ದು ನಿಂತು ನಾಲ್ಕು ತಿಂಗಳಿಗೆ 'ದ ಹೂ' ಅದರ ಜಿಂಗಲ್‌ಗಳನ್ನೇ ತಂದು ತಮ್ಮ ಹಾಡುಗಳ ನಡುವೆ ಇಟ್ಟರು. ಮುಚ್ಚಿಹೋದ ನಿಲಯವೊಂದು ಇನ್ನೂ ನಡೆಯುತ್ತಿದೆ ಎಂಬಂತೆ. ಇದು ಗೇಲಿ ಹೌದು, ಆದರೆ ತೀರಿಕೊಂಡವರ ನಡೆನುಡಿಯನ್ನು ಮನೆಯವರು ಅನುಕರಿಸಿ ನಗುವ ಹಾಗಿನ ಗೇಲಿ. ಅಣಕ ಎಷ್ಟು ಕರಾರುವಾಕ್ಕಾಗಿದೆ ಎಂದರೆ ಅದು ದಿನವೂ ಪ್ರೀತಿಯಿಂದ ಕೇಳಿದ ಕಿವಿಗೆ ಮಾತ್ರ ಸಾಧ್ಯ. ಅಪ್ಪಾಜಿಯ ಪ್ರಶ್ನೆಗೆ ನಾನು ಕೊನೆಗೆ ಕೊಟ್ಟ ಉತ್ತರ ಹೀಗಿತ್ತು: "ಅವರು ಕೇಳ್ತಿದ್ದ ಸ್ಟೇಷನ್ ಮುಚ್ಚಿ ಹೋಗಿತ್ತು ಅಪ್ಪಾಜಿ. ಹಾಡು ಎಲ್ಲಾದ್ರೂ ಸಿಗ್ತವೆ. ಆ ನಡುವಿನ ಮಾತು ಇನ್ನೆಲ್ಲೂ ಸಿಗಲ್ವಲ್ಲ, ಅದಕ್ಕೇ ಅದನ್ನೂ ಸೇರಿಸಿದ್ರು." ಅವರು "ಹ್ಞೂಂ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ "ಹ್ಞೂಂ" ಎಂದರು.

ಒಂದು ಕೊರತೆ ಹೇಳಲೇಬೇಕು. ಎರಡನೇ ಮಗ್ಗುಲಿಗೆ ಬಂದ ಮೇಲೆ ಜಾಹೀರಾತುಗಳು ತೆಳುವಾಗುತ್ತಾ ಹೋಗುತ್ತವೆ. ಮೊಡವೆ ಕ್ರೀಮಿನ ಪುಟ್ಟ ಹಾಡು ದಾಟಿದರೆ ರೇಡಿಯೋ ಎಂಬ ಎಳೆಯೇ ಕೈಯಿಂದ ಜಾರುತ್ತದೆ. 'ಸನ್‌ರೈಸ್' ಒಂಟಿ ಗಿಟಾರಿನ ಸುಂದರ ಹಾಡು, ಆದರೆ ಅದು ಬೇರೆ ಯಾವ ಆಲ್ಬಂನಲ್ಲಿದ್ದರೂ ಸರಿಯೇ. 'ರಾಯೆಲ್' ದೊಡ್ಡ ಕಥೆಯೊಂದರ ತುಂಡು, ಅದರ ಸ್ವರಗಳು ಇದೇ ತಂಡದ 1969ರ ಆಲ್ಬಂ 'ಟಾಮಿ'ಯಲ್ಲಿ ಮತ್ತೆ ಕಾಣಿಸಿಕೊಂಡವು. ಕಥೆ ನನಗೆ ಹಿಡಿತಕ್ಕೆ ಸಿಕ್ಕಿಲ್ಲ. ವಿಮರ್ಶಕರು ಇದನ್ನು ದೋಷ ಎಂದಿದ್ದಾರೆ, ನಾನೂ ಒಪ್ಪುತ್ತೇನೆ. ಹಿಡಿದ ಎಳೆಯನ್ನು ಕೊನೆಯವರೆಗೆ ಒಯ್ದಿದ್ದರೆ ಇದು ಇನ್ನೂ ದೊಡ್ಡ ಕೃತಿಯಾಗುತ್ತಿತ್ತು. ಆದರೂ ಜಾಹೀರಾತು ನಿಂತ ಆ ಮಗ್ಗುಲಿನಲ್ಲಿ ನಾನು ಪ್ರತಿ ಹಾಡಿನ ಕೊನೆಗೂ ಈಗ ಬರುತ್ತದೆ ಎಂದು ಕಾಯುತ್ತೇನೆ. ಬರುವುದಿಲ್ಲ. ಅಪ್ಪಾಜಿಯೂ ಅಂದು ಹಾಗೇ ಬೆರಳೆತ್ತಿ ಕಾದು ಇಳಿಸಿದ್ದರು.

ಹಳೆಯ ಗ್ರಾಮಫೋನ್ ತಟ್ಟೆಯ ಕೊನೆಯಲ್ಲಿ ಇನ್ನೊಂದು ಕೆಲಸ ಮಾಡಿದ್ದಾರೆ. ಎಲ್ಲ ಮುಗಿದ ಮೇಲೆ ಒಳಗಿನ ಕೊನೆಯ ಗೆರೆ ತನ್ನೊಳಗೇ ಸುತ್ತಿಕೊಳ್ಳುತ್ತದೆ. ಅದರಲ್ಲಿ ತಮ್ಮ ರೆಕಾರ್ಡ್ ಕಂಪನಿಯಾದ ಟ್ರ್ಯಾಕ್ ರೆಕಾರ್ಡ್ಸ್‌ನ ಹೆಸರನ್ನೇ ಜಿಂಗಲ್ ಮಾಡಿ ಹಾಡಿದ್ದಾರೆ. ನೀವು ಎದ್ದು ಹೋಗಿ ಸೂಜಿ ಎತ್ತುವವರೆಗೂ ಅದು ನಿಲ್ಲುವುದಿಲ್ಲ.

ಅಪ್ಪಾಜಿಯ ಆಟೋ ಮಾರಿ ವರ್ಷಗಳಾದವು. ಈಗ ಊರಿನಲ್ಲಿ ಪ್ರಚಾರದ ಗಾಡಿ ಬಂದರೆ ಪೆನ್ ಡ್ರೈವಿನ ಧ್ವನಿ, ಎಲ್ಲಿ ಯಾರು ಮಾತಾಡಿದ್ದೋ ಗೊತ್ತಾಗುವುದಿಲ್ಲ. ಅವರು ಹೆಸರು ಕೂಗಿದ ಹಲವು ಟಾಕೀಸುಗಳು ಮುಚ್ಚಿವೆ. ಗೇಟಿನ ಹತ್ತಿರ ಹಾದುಹೋಗುವಾಗ ಅವರು ಈಗಲೂ ಆಚೀಚೆ ನಿಂತ ಜನರನ್ನು ಒಮ್ಮೆ ನೋಡುತ್ತಾರೆ.

ಕಳೆದ ತಿಂಗಳು ಅಟ್ಟ ಸ್ವಚ್ಛ ಮಾಡುವಾಗ ಬಿಸ್ಕತ್ ಡಬ್ಬದ ತುಂಬ ಕ್ಯಾಸೆಟ್ಟುಗಳು ಸಿಕ್ಕವು. ಪ್ರತಿಯೊಂದರ ಮೇಲೂ ಅವರ ದುಂಡನೆಯ ಅಕ್ಷರ. ಟೇಪ್ ರೆಕಾರ್ಡರಿಗೆ ಹೊಸ ಬೆಲ್ಟ್ ಹಾಕಿಸಿಕೊಂಡು ಬಂದೆ. 'ಯುಗಾದಿ, ಬಟ್ಟೆ, 95' ಎಂದು ಬರೆದದ್ದನ್ನು ಹಾಕಿದೆವು. ಸುರುಳಿ ಸಡಿಲವಾಗಿತ್ತು, ಪೆನ್ಸಿಲ್ ತೂರಿಸಿ ಬಿಗಿ ಮಾಡಿದರು. ಮೊದಲು ಬರೀ ಗೊರಗೊರ. ಆಮೇಲೆ ಅವ್ವ, ಚಿಕ್ಕಮ್ಮ, ಆಮೇಲೆ ನಾನು, ಲಂಗ ಕೇಳುತ್ತಾ. ಅಪ್ಪಾಜಿಯ ನಗು, ಅಂಗಡಿಯ ಹೆಸರು, 'ಮರೆತು ನಿರಾಶರಾಗದಿರಿ'. ಮುಂದಿನ ಜಾಹೀರಾತು ಶುರುವಾಗುವ ಮೊದಲು, ಪಾಜ್ ಬಟನ್ ಸ್ವಲ್ಪ ತಡವಾದ ಜಾಗದಲ್ಲಿ, ಎರಡು ಸೆಕೆಂಡು ಯಾವುದೋ ಹಳೆಯ ಹಾಡು ಇಣುಕಿ ಹೋಯಿತು. ಕೆಳಗೆ ಮೊದಲೇ ಇದ್ದದ್ದು, ಭದ್ರಾವತಿ ಆಕಾಶವಾಣಿಯಿಂದ ಯಾರೋ ಹಿಡಿದಿಟ್ಟುಕೊಂಡಿದ್ದು.

ಅಡುಗೆಮನೆಯಲ್ಲಿದ್ದ ಅವ್ವ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಸೌಟು ಹಾಗೇ ಇತ್ತು.

"ಅದು ನನ್ನ ಕ್ಯಾಸೆಟ್ ಅಲ್ಲೇನ್ರೀ?" ಎಂದಳು.

ಅಪ್ಪಾಜಿ ಏನೂ ಹೇಳಲಿಲ್ಲ. ಬಗ್ಗಿ, ಬೆರಳಿನಿಂದ ಸ್ವಲ್ಪವೇ ಹಿಂದಕ್ಕೆ ಸುತ್ತಿ, ಆ ಎರಡು ಸೆಕೆಂಡನ್ನು ಮತ್ತೆ ಹಾಕಿದರು.